ಗಿಣ್ಣದ ದೂರದ ನೆಂಟರು

ಏಪ್ರಿಲ್ ತಿಂಗಳ ಮಧ್ಯಾಹ್ನ. ಸಿದ್ದಾಪುರದ ಬಿಸಿಲೆಂದರೆ ಹೇಳಬೇಕಾದ್ದೇ ಇಲ್ಲ. ಬೆಳಿಗ್ಗೆ ಕಾಯಿಸಿಟ್ಟ ಎಮ್ಮೆಯ ಹಾಲನ್ನು ಚಹಾಕ್ಕೆಂದು ಮತ್ತೆ ಒಲೆಗೇರಿಸಿದರೆ, ಉಕ್ಕಬೇಕಾದ ಹಾಲು ಬಿಳಿಯ ಚೂರುಗಳೇ ಬೇರೆ, ತಿಳಿ ಹಸಿರು ನೀರೇ ಬೇರೆಯಾಗಿ ನಿಂತುಬಿಡುತ್ತದೆ. 'ಹಾಲು ಒಡದ್ವು ನೋಡ್ರಿ ಅತ್ತಿ' ಎಂದು ಸೊಸೆ ತಗ್ಗಿದ ದನಿಯಲ್ಲಿ ಹೇಳುತ್ತಾಳೆ, ತಪ್ಪು ತನ್ನದೇ ಎಂಬಂತೆ. ಅತ್ತೆ ಒಮ್ಮೆ ಹುಬ್ಬು ಗಂಟಿಕ್ಕುತ್ತಾಳೆ. ಹಾಲು ಒಡೆಯುವುದು ಒಳ್ಳೆಯ ಶಕುನವಲ್ಲವಲ್ಲ! ಆಮೇಲೆ, 'ಚೆಲ್ಲಬ್ಯಾಡವಾ, ಬೆಲ್ಲ ಹಾಕಿ ಕುದಸು, ಹುಡುಗರು ತಿಂತಾವ' ಅನ್ನುತ್ತಾಳೆ. ಗಂಗಾವತಿಯ ಕಾಲೇಜಿಗೆ ಹೋಗುವ ಮಗ ಪಾತ್ರೆಯೊಳಗೆ ಇಣುಕಿ, 'ಇದು ಪನೀರ್ ಆತಲ್ಲಬೇ ಯವ್ವಾ' ಎನ್ನುತ್ತಾನೆ.

ಒಂದೇ ಪಾತ್ರೆ, ಮೂರು ಮಾತು. ಸೊಸೆಗೆ ಅದು ನಷ್ಟ, ಅತ್ತೆಗೆ ತಿಂಡಿ, ಮಗನಿಗೆ ಪೇಟೆಯ ಪದಾರ್ಥ. ಆದರೆ ಅದೇ ಮಗನನ್ನು 'ನಿಮ್ಮ ಊರಲ್ಲಿ ಚೀಸ್ ಇದೆಯೇನಪ್ಪ?' ಎಂದು ಕೇಳಿದರೆ, 'ನಮ್ಮಲ್ಲೆಲ್ಲಿ ಬರಬೇಕ್ರಿ? ಅದು ಫಾರಿನ್‌ದು' ಎಂಬ ಉತ್ತರ ಬಂದೀತು. ಈ ಉತ್ತರ ಅರ್ಧ ನಿಜ, ಇನ್ನರ್ಧ ಮರೆವು.

ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆಯಲ್ಲಿ ಸಿಗುವ ಸಿದ್ದಾಪುರ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಂಡ ಊರು. ಸುತ್ತ ಭತ್ತದ ಗದ್ದೆ. ಭತ್ತ ಇದ್ದಲ್ಲಿ ಹುಲ್ಲು, ಹುಲ್ಲು ಇದ್ದಲ್ಲಿ ಎಮ್ಮೆ. ಕಾಲುವೆಯ ಹಿಂದೆಯೇ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳೂ ಇಲ್ಲಿ ಬಹಳ. ಹೀಗಾಗಿ ಈ ಭಾಗದಲ್ಲಿ ಎಮ್ಮೆ ಈದರೆ ಒಂದೇ ತಿನಿಸಿಗೆ ಎರಡು ಹೆಸರು ಕೇಳಿಸುತ್ತವೆ. ಕನ್ನಡದ ಮನೆಯಲ್ಲಿ ಗಿಣ್ಣ, ಕ್ಯಾಂಪಿನ ಮನೆಯಲ್ಲಿ ಜುನ್ನು. ಬೆಳಗಾವಿಯ ಕಡೆ ಮರಾಠಿ ಮಾತನಾಡುವವರ ಮನೆಗೆ ಹೋದರೆ ಅದೇ ಖರ್ವಸ.

ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ 'ಚೀಸ್' ಎಂಬ ಪದ ಹುಡುಕಿದ ವಿದ್ಯಾರ್ಥಿಗೆ ಸಿಗುವ ಅರ್ಥವೂ ಬಹುಮಟ್ಟಿಗೆ ಇದೇ: ಗಿಣ್ಣು. ನಿಘಂಟು ಮಾಡಿದವರಿಗೆ ಬೇರೆ ಪದ ಸಿಗದೆ ಹೀಗೆ ಬರೆದರೋ, ಬೇಕೆಂದೇ ಬರೆದರೋ, ಎರಡನ್ನೂ ತಿಂದವರು ಮಾತ್ರ ಒಪ್ಪಲಾರರು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ನಡುಗುವ ಗಿಣ್ಣಕ್ಕೂ, ಉಪ್ಪುಪ್ಪಾದ ಹಳದಿ ಚೀಸ್ ತುಂಡಿಗೂ ಎತ್ತಣ ಸಂಬಂಧ?

ಸಂಬಂಧ ಇದೆ. ಆದರೆ ಒಡಹುಟ್ಟಿನದಲ್ಲ, ದೂರದ್ದು.

ಕರುವಿನ ಪಾಲು

ಮಾಮೂಲಿ ಹಾಲಿನಲ್ಲಿ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಭಾಗ. ಈದ ದಿನದ ಮೊದಲ ಹಾಲಿನಲ್ಲಿ ಅದು ನೂರಕ್ಕೆ ಹದಿನಾಲ್ಕು ಭಾಗವನ್ನೂ ಮುಟ್ಟುತ್ತದೆ. ಆ ಹೆಚ್ಚುವರಿ ಪ್ರೋಟೀನಿನ ಬಹುಪಾಲು ರೋಗನಿರೋಧಕ ಕಣಗಳು. ಬಿಸಿ ತಾಗಿದೊಡನೆ ಇವು ಕೋಳಿಮೊಟ್ಟೆಯ ಬಿಳಿಯ ಭಾಗದಂತೆ ಗಟ್ಟಿಯಾಗುತ್ತವೆ. ಗಿಣ್ಣಕ್ಕೆ ಹುಳಿ ಹಿಂಡಬೇಕಿಲ್ಲ, ಹೆಪ್ಪು ಹಾಕಬೇಕಿಲ್ಲ, ನೀರು ಬಸಿಯಬೇಕಿಲ್ಲ. ಹಬೆಯೊಂದೇ ಸಾಕು. ಎರಡನೆಯ, ಮೂರನೆಯ ದಿನಕ್ಕೆ ಈ ಗುಣ ಬೇಗ ಇಳಿಯುತ್ತದೆ. ಅದಕ್ಕೇ ಅನುಭವಸ್ಥ ಹೆಂಗಸರು ಮೊದಲ ದಿನದ ಗಿಣ್ಣದ ಹಾಲಿಗೆ ಮಾಮೂಲಿ ಹಾಲು ಬೆರೆಸಿ ಹದ ಮಾಡುತ್ತಾರೆ. ಎಷ್ಟು ಬೆರೆಸಬೇಕೆಂದು ತಿಳಿಯಲು ಒಂದು ಬಟ್ಟಲಿನಲ್ಲಿ ಚೂರು ಬೇಯಿಸಿ ನೋಡುವ ಜಾಣತನವೂ ಉಂಟು. ಹೆಚ್ಚು ಬೆರೆಸಿದರೆ ಕಟ್ಟುವುದಿಲ್ಲ, ಕಡಿಮೆಯಾದರೆ ರಬ್ಬರಿನಂತಾಗುತ್ತದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಮನುಷ್ಯರ ಮಗು ಹುಟ್ಟುವ ಮೊದಲೇ ತಾಯಿಯ ರಕ್ತದಿಂದ ಒಂದಿಷ್ಟು ರೋಗನಿರೋಧಕ ಶಕ್ತಿಯನ್ನು ಪಡೆದಿರುತ್ತದೆ. ಆಕಳ ಕರುವಿಗೆ, ಎಮ್ಮೆಯ ಕರುವಿಗೆ ಆ ಭಾಗ್ಯವಿಲ್ಲ. ಅವು ಹುಟ್ಟುವುದು ಬರಿಗೈಯಲ್ಲಿ. ಗಿಣ್ಣದ ಹಾಲು ಹೊಟ್ಟೆಗೆ ಹೋದಮೇಲೆಯೇ ಅವುಗಳಿಗೆ ರಕ್ಷಣೆ. ಆ ಕಣಗಳನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಹುಟ್ಟಿದ ಮೊದಲ ಒಂದು ದಿನ ಮಾತ್ರ. ಮೊದಲ ಕೆಲವು ಗಂಟೆಗಳಲ್ಲಿ ಅತಿ ಹೆಚ್ಚು. ಪಶುವೈದ್ಯರು ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು ಗಿಣ್ಣದ ಹಾಲನ್ನು ಅದೇ ದಿನ ಕುಡಿಸಬೇಕೆನ್ನುತ್ತಾರೆ. ಮೂವತ್ತು ಕಿಲೋ ತೂಗುವ ಕರುವಿಗೆ ಮೂರು ಲೀಟರು. ಗಂಡು ಕರುವೆಂದು ಅಸಡ್ಡೆ ಮಾಡಿ ತಂಬಿಗೆ ತುಂಬಿಕೊಳ್ಳುವ ಮನೆಗಳಲ್ಲಿ ಕರು ಬೇಧಿಗೆ ಸಿಕ್ಕಿ ಸಾಯುತ್ತದೆ. ಕರು ಸತ್ತ ಎಮ್ಮೆ ಹಾಲು ಕೊಡಲು ಸತಾಯಿಸುತ್ತದೆ. ಪೇಟೆಯಲ್ಲಿ ಗಿಣ್ಣಕ್ಕೆ ಬೆಲೆ ಬಂದಷ್ಟೂ ಈ ಲೆಕ್ಕ ಮರೆತುಹೋಗುವ ಭಯವಿದೆ. ಗಿಣ್ಣ ತಿನ್ನಬೇಡಿ ಎಂದು ಯಾರೂ ಹೇಳುವುದಿಲ್ಲ. ಎಮ್ಮೆ ಚೆನ್ನಾಗಿ ಹಿಂಡುವುದಾದರೆ ಕರು ಕುಡಿದು ಉಳಿದದ್ದೂ ಸಾಕಷ್ಟಿರುತ್ತದೆ. ಮೊದಲು ಕರು, ಆಮೇಲೆ ತಟ್ಟೆ, ಇಷ್ಟೇ.

ಸೋಮೇಶ್ವರನ ಅಡುಗೆಮನೆ

ಹಾಗಾದರೆ ಒಡೆದ ಹಾಲಿನ ಕಥೆ ಏನು? ಅದೇ ಚೀಸ್‌ಗೆ ಹತ್ತಿರದ ಸಂಬಂಧಿ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಎಂಬತ್ತು ಭಾಗ ಕೇಸೀನ್. ಹುಳಿ ಏರುತ್ತ ಹೋದಂತೆ ಒಂದು ಹಂತದಲ್ಲಿ ಈ ಕೇಸೀನ್ ಕಣಗಳು ಒಂದನ್ನೊಂದು ದೂರ ತಳ್ಳುವ ಶಕ್ತಿ ಕಳೆದುಕೊಂಡು ಅಂಟಿಕೊಳ್ಳುತ್ತವೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳುವುದಾದರೆ ಆ ಹಂತ ಪಿಎಚ್ 4.6. ಹಾಲು ಬಿಸಿಯಾಗಿದ್ದರೆ ಇಷ್ಟು ಹುಳಿಯೂ ಬೇಕಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಹಾಲಿನೊಳಗಿನ ಬ್ಯಾಕ್ಟೀರಿಯಾ ಮಾಡಿದ ಹುಳಿಯೇ ಸಾಕು. ಸಾವಧಾನವಾಗಿ, ತಣ್ಣಗೆ ಇದೇ ಕೆಲಸವಾದರೆ ಮೊಸರು; ಬಿಸಿಯಲ್ಲಿ ಧಡಕ್ಕನೆ ಆದರೆ ಪನೀರು.

ಹಾಲನ್ನು ಬೇಕೆಂದೇ ಒಡೆಯುವುದು ನಮ್ಮವರಿಗೆ ಗೊತ್ತಿರಲಿಲ್ಲ, ಬಂಗಾಳಕ್ಕೆ ಬಂದ ಪೋರ್ಚುಗೀಸರು ಅದನ್ನು ಕಲಿಸಿದರು, ಅಲ್ಲಿಂದಲೇ ರಸಗುಲ್ಲ ಹುಟ್ಟಿತು ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಈ ಮಾತಿಗೆ ಅಡ್ಡಗಾಲು ಹಾಕುವುದು ಕನ್ನಡ ನಾಡಿನದೇ ಒಂದು ಪುಸ್ತಕ.

ಕೊಪ್ಪಳ ಜಿಲ್ಲೆಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ಇಟಗಿಯ ಮಹಾದೇವ ದೇವಾಲಯ ನೋಡಿಯೇ ಇರುತ್ತಾರೆ. 1112ರಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅವನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ಯುದ್ಧಕ್ಕಿಂತ ವಿದ್ಯೆಯಲ್ಲಿ ಹೆಚ್ಚು ಹೆಸರು ಮಾಡಿದ ಈ ಅರಸ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ಗ್ರಂಥ ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜ್ಯಭಾರದಿಂದ ಹಿಡಿದು ಆನೆ, ರತ್ನ, ಚಿತ್ರಕಲೆ, ಸಂಗೀತ, ಆಟಗಳವರೆಗೆ ಏನುಂಟು ಏನಿಲ್ಲ! ಊಟಕ್ಕೇ ಮೀಸಲಾದ 'ಅನ್ನಭೋಗ'ದ ಭಾಗದಲ್ಲಿ ಇಂದಿನ ಇಡ್ಲಿ, ದೋಸೆ, ಹೋಳಿಗೆಗಳ ಪೂರ್ವಜರೊಂದಿಗೆ ಹಾಲಿನ ತಿನಿಸೊಂದು ಬರುತ್ತದೆ. ಹೆಸರು ಕ್ಷೀರಪ್ರಕಾರ. ಬಿಸಿ ಹಾಲಿಗೆ ಹುಳಿ ಬೆರೆಸಿ ಒಡೆಯಬೇಕು, ಬಟ್ಟೆಯಲ್ಲಿ ಸೋಸಿ ನೀರು ತೆಗೆಯಬೇಕು, ಉಳಿದ ಗಷ್ಟಿಗೆ ಅಕ್ಕಿಯ ಹಿಟ್ಟು ಸೇರಿಸಿ ನಾದಿ ಉಂಡೆ ಮಾಡಿ ತುಪ್ಪದಲ್ಲಿ ಕರಿದು ಸಕ್ಕರೆಯಲ್ಲಿ ಹಾಕಬೇಕು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಸೋಮೇಶ್ವರನ ಪುಸ್ತಕಕ್ಕೆ ಆಗಲೇ ಮುನ್ನೂರೈವತ್ತು ವರ್ಷ ದಾಟಿತ್ತು.

ಹಾಗೆಂದು ಜಗತ್ತಿಗೆ ಚೀಸ್ ಕೊಟ್ಟವರು ನಾವೇ ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಹಾಲನ್ನು ಒಡೆಯುವುದು ಬೇರೆ, ಒಡೆದದ್ದನ್ನು ತಿಂಗಳುಗಟ್ಟಲೆ ಮಾಗಿಸುವುದು ಬೇರೆ. ಎರಡನೆಯ ವಿದ್ಯೆ ಸಿದ್ದಾಪುರದ ಹವೆಯಲ್ಲಿ ಬೆಳೆಯುವಂತಿರಲಿಲ್ಲ. ಚೆಡ್ಡರ್‌ನಂಥ ಚೀಸ್ ಮಾಗಲು ಹತ್ತು ಹನ್ನೆರಡು ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಇಲ್ಲಿ ಬೇಸಗೆಯಲ್ಲಿ ಬಿಸಿಲು ನಲವತ್ತನ್ನು ಮುಟ್ಟುತ್ತದೆ. ಯುರೋಪಿನ ರೈತ ಚಳಿಗಾಲಕ್ಕೆಂದು ಹಾಲನ್ನು ಚೀಸ್ ಮಾಡಿ ನೆಲಮಾಳಿಗೆಯಲ್ಲಿಟ್ಟ. ನಮ್ಮ ರೈತನ ಹೆಂಡತಿ ಅದೇ ಹಾಲನ್ನು ಹೆಪ್ಪಿಟ್ಟು, ಕಡೆದು, ಬೆಣ್ಣೆ ಕಾಸಿ ತುಪ್ಪ ಮಾಡಿ ಗಡಿಗೆಯಲ್ಲಿಟ್ಟಳು. ಇಬ್ಬರದೂ ಒಂದೇ ಚಿಂತೆ: ಇಂದಿನ ಹಾಲು ನಾಳೆಗೆ ಹೇಗೆ?

ಇನ್ನೊಂದು ಅಡ್ಡಿಯೂ ಇತ್ತು. ಯುರೋಪಿನ ಹೆಚ್ಚಿನ ಚೀಸ್‌ಗಳಿಗೆ ಹಾಲು ಹೆಪ್ಪುಗಟ್ಟಿಸುವುದು ಹುಳಿಯಲ್ಲ, ರೆನೆಟ್ ಎಂಬ ಪದಾರ್ಥ. ಹಿಂದಿನಿಂದ ಅದನ್ನು ತೆಗೆಯುತ್ತಿದ್ದುದು ಹಾಲು ಕುಡಿಯುವ ಎಳೆಗರುವಿನ ಜಠರದಿಂದ, ಅಂದರೆ ಕಡಿದ ಕರುವಿನಿಂದ. ಶಾಕಾಹಾರಿ ಮನೆಗಳ ತಾಯಂದಿರು ಚೀಸ್ ಎಂದರೆ ಮೂಗು ಮುರಿಯುವುದಕ್ಕೆ ಇದೇ ಕಾರಣವಾದರೆ ಅವರ ಅನುಮಾನ ಸುಳ್ಳಲ್ಲ. ಆದರೆ ಕಾಲ ಬದಲಾಗಿದೆ. ನಮ್ಮ ದೇಶದ ದೊಡ್ಡ ಡೈರಿಗಳ ಚೀಸ್‌ಗೆ ಬಳಸುವುದು ಶಿಲೀಂಧ್ರ ಮೊದಲಾದ ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಅನುಮಾನ ಬೇಡ. ವಿದೇಶದಿಂದ ಬಂದ ತುಂಡಾದರೆ ಓದಿಯೇ ಕೊಳ್ಳಬೇಕು.

ಗಿಡದಿಂದಲೂ ರೆನೆಟ್ ಸಿಗುತ್ತದೆ. ಪೋರ್ಚುಗಲ್ಲಿನಲ್ಲಿ ಒಂದು ಬಗೆಯ ಮುಳ್ಳುಗಿಡದ ಹೂವಿನಿಂದ ಕುರಿಯ ಹಾಲನ್ನು ಹೆಪ್ಪುಗಟ್ಟಿಸುತ್ತಾರೆ. ನಮ್ಮ ಅಶ್ವಗಂಧದ ಹತ್ತಿರದ ಸಂಬಂಧಿಯಾದ ಗಿಡವೊಂದರ ಕಾಯಿಗೆ ಉತ್ತರ ಭಾರತದಲ್ಲಿ 'ಪನೀರ್ ಡೋಡಾ' ಎಂದೇ ಹೆಸರು. ಬಳ್ಳಾರಿ, ಕೊಪ್ಪಳದ ತೋಟಗಳಲ್ಲಿ ಬೆಳೆಯುವ ಅಂಜೂರದ ಗಿಡದ ಹಾಲಿಗೂ ಈ ಗುಣವುಂಟು. ಗ್ರೀಕ್ ಮಹಾಕಾವ್ಯ 'ಇಲಿಯಡ್' ಕೂಡ ಅಂಜೂರದ ರಸಕ್ಕೆ ಹಾಲು ಹೆಪ್ಪುಗಟ್ಟುವುದನ್ನು ಬಲ್ಲದು. ಓದಿದ ಕೂಡಲೇ ತೋಟಕ್ಕೆ ಓಡಬೇಡಿ, ಅಂಜೂರದ ಹಾಲು ತಾಗಿದರೆ ಚರ್ಮ ಉರಿಯುತ್ತದೆ.

ಕೇಳಿರದ ಹೆಸರುಗಳು

ಚೀಸ್ ಎಂದರೆ ಹಳದಿ ಹಾಳೆಯೊಂದೇ ಎಂದುಕೊಂಡವರು ಭಾರತದೊಳಗೇ ಒಂದು ಸುತ್ತು ಹಾಕಬಹುದು. ಹೂಗ್ಲಿ ನದಿಯ ದಂಡೆಯಲ್ಲಿ ಪೋರ್ಚುಗೀಸರು ನೆಲೆಸಿದ್ದ ಬ್ಯಾಂಡೆಲ್ ಎಂಬ ಊರಿನ ಹೆಸರಿನಲ್ಲಿ ಪುಟ್ಟ ಬಿಲ್ಲೆಯಂಥ ಚೀಸ್ ಇದೆ. ಒಂದು ಬಿಳಿ, ಇನ್ನೊಂದು ಹೊಗೆ ಹಾಕಿದ ಕಂದು. ಎಷ್ಟು ಉಪ್ಪೆಂದರೆ, ತಿನ್ನುವ ಮೊದಲು ನೀರಿನಲ್ಲಿ ನೆನೆಸಬೇಕು. ಸೂರತ್ತಿನ ಪಾರಸಿಗಳದು ಬುಟ್ಟಿಯ ಪನೀರು. ಪುಟ್ಟ ಬುಟ್ಟಿಗಳಲ್ಲಿ ಹೆಪ್ಪು ಬಸಿದು, ಅದರದೇ ನೀರಿನಲ್ಲಿ ತೇಲಬಿಟ್ಟಿರುತ್ತಾರೆ. ಮೈಮೇಲೆ ಬುಟ್ಟಿಯ ಹೆಣಿಗೆಯ ಗುರುತು ಹಾಗೇ ಮೂಡಿರುತ್ತದೆ. ಜಮ್ಮುವಿನ ಉಧಂಪುರದ ಕಲಾಡಿಯನ್ನು ಕಾದ ತವೆಯ ಮೇಲಿಟ್ಟರೆ ತನ್ನ ಜಿಡ್ಡಿನಲ್ಲೇ ಬೆಂದು, ಹೊರಗೆ ಗರಿಗರಿ, ಒಳಗೆ ನೂಲಿನಂತೆ ಎಳೆಯುತ್ತದೆ.

ಇವೆಲ್ಲ ದೂರವಾಯಿತೆನ್ನುವವರಿಗೆ ಮುಂಡಗೋಡ ಇದೆ. 1966ರಿಂದ ಟಿಬೆಟನ್ನರು ನೆಲೆಸಿರುವ ಅಲ್ಲಿನ ಶಿಬಿರಗಳಿಗೂ 'ಕ್ಯಾಂಪ್' ಎಂದೇ ಹೆಸರು. ಅವರ ನಾಡಿನ ಛುರ್ಪಿ ಎಂಬ ಒಣ ಚೀಸ್ ಕಲ್ಲಿನಷ್ಟು ಗಟ್ಟಿ. ಮಜ್ಜಿಗೆ ಕಾಯಿಸಿ ಒಡೆದು, ಹಿಂಡಿ, ಹೊಗೆಯಲ್ಲಿ ಒಣಗಿಸಿದ ಚೌಕ. ಬಾಯಿಗೆ ಹಾಕಿಕೊಂಡರೆ ಒಂದು ತಾಸಾದರೂ ಮುಗಿಯದು. ಹಿಮಾಲಯದ ದನಗಾಹಿಗಳಿಗೆ ಅದು ಬುತ್ತಿ. ಈಗ ನೇಪಾಳದಿಂದ ಅದೇ ಛುರ್ಪಿ ಅಮೆರಿಕದ ನಾಯಿಗಳಿಗೆ ಅಗಿಯುವ ಕಡ್ಡಿಯಾಗಿ ರಫ್ತಾಗುತ್ತಿದೆ ಎಂದರೆ ನಗಬೇಕೋ ಅಳಬೇಕೋ!

ರುಚಿಯ ಪರಿಚಯ ಮಾಡಿಕೊಳ್ಳುವುದಾದರೆ ಗೊತ್ತಿದ್ದುದರಿಂದ ಗೊತ್ತಿಲ್ಲದ್ದಕ್ಕೆ ಹೋಗುವುದು ಸುಲಭ. ನಾರ್ವೆಯ ಬ್ರೂನೋಸ್ಟ್ ಕಂದು ಬಣ್ಣದ್ದು. ಚೀಸ್ ಮಾಡಿ ಉಳಿದ ಹಾಲೊಡಕನ್ನು ಕೆನೆಯೊಂದಿಗೆ ಗಂಟೆಗಟ್ಟಲೆ ಕುದಿಸಿ, ಅದರ ಸಕ್ಕರೆ ಕೆಂಪಾಗುವವರೆಗೆ ಬತ್ತಿಸುತ್ತಾರೆ. ಧಾರವಾಡ ಪೇಡೆ, ಬೆಳಗಾವಿ ಕುಂದಾ ತಿಂದು ಬೆಳೆದ ನಾಲಿಗೆಗೆ ಅದು ಹೊಸದೆನಿಸಲಾರದು. ಫ್ರಾನ್ಸಿನ ರೋಕ್‌ಫೋರ್ ಮಾತ್ರ ಧೈರ್ಯದ ಕೆಲಸ. ಕುರಿಯ ಹಾಲಿನ ಈ ಚೀಸನ್ನು ಗುಹೆಗಳಲ್ಲಿ ಮಾಗಿಸುತ್ತಾರೆ. ಒಳಗೆ ನೀಲಿ ಬೂಷ್ಟಿನ ಗೆರೆಗಳು. ಆ ಊರಿನ ಗುಹೆಗಳಲ್ಲಿ ಮಾಗಿದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆಂದು 1925ರಲ್ಲೇ ಕಾನೂನಾಯಿತು. ಸುಗ್ಗಿ ಮುಗಿದ ಗದ್ದೆಗಳಲ್ಲಿ ಕುರಿ ನಿಲ್ಲಿಸುವ ನಮ್ಮ ಕುರುಬರಿಗೆ ಕುರಿಯ ಹಾಲು ಕುಡಿದು ಗೊತ್ತು, ಮಾರಿ ಗೊತ್ತಿಲ್ಲ.

ಸಿದ್ದಾಪುರಕ್ಕೆ ಎಲ್ಲಕ್ಕಿಂತ ಹತ್ತಿರದ ನೆಂಟ ಇರುವುದು ಇಟಲಿಯಲ್ಲಿ. ಪಿಜ್ಜಾದ ಮೇಲೆ ನೂಲೆಳೆಯುವ ಮೊಝರೆಲ್ಲಾ ಇಂದು ಹೆಚ್ಚಾಗಿ ಆಕಳ ಹಾಲಿನದು. ಆದರೆ ಅದರ ತವರಾದ ಕಂಪಾನಿಯಾ ಪ್ರಾಂತ್ಯದಲ್ಲಿ ಅದನ್ನು ಮಾಡುವುದು ಎಮ್ಮೆಯ ಹಾಲಿನಿಂದ. ಪ್ರಾಂತ್ಯದ ಹೆಸರು ಹೊತ್ತ ಎಮ್ಮೆ ಮೊಝರೆಲ್ಲಾಕ್ಕೆ 1996ರಲ್ಲಿ ಯುರೋಪಿನ ಒಕ್ಕೂಟದ ಸ್ಥಳನಾಮ ರಕ್ಷಣೆಯೂ ಸಿಕ್ಕಿತು. ಅಲ್ಲಿ ಎಮ್ಮೆ ಹಾಲಿಗೆ ಆಕಳ ಹಾಲಿಗಿಂತ ಹೆಚ್ಚಿನ ಮರ್ಯಾದೆ! ಇಲ್ಲಿ 'ಎಮ್ಮೆ' ಎಂಬುದು ಮಂದಬುದ್ಧಿಯವರನ್ನು ಬೈಯುವ ಮಾತು. ಕರ್ನಾಟಕದಲ್ಲಿ ಈ ವಿದ್ಯೆ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಬೆನೆಡಿಕ್ಟೈನ್ ಪಂಥದ ಪಾದ್ರಿಗಳು ಇಟಲಿಯ ಕ್ರಮದಲ್ಲಿ ಮೊಝರೆಲ್ಲಾ ಮಾಡಿ ಹೆಸರು ಪಡೆದಿದ್ದಾರೆ. ನಮ್ಮ ಧಾರವಾಡಿ ಎಮ್ಮೆಗೂ ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಳಿಯೆಂಬ ನೋಂದಣಿ ದೊರೆತಿದೆ.

ಎಮ್ಮೆ ಹಾಲನ್ನು ಪುಡಿ ಮಾಡಲು ಸಾಧ್ಯವೇ ಇಲ್ಲ ಎಂದು ಒಂದು ಕಾಲದಲ್ಲಿ ವಿದೇಶಿ ತಜ್ಞರು ಹೇಳುತ್ತಿದ್ದರು. ಗುಜರಾತಿನ ಆನಂದ್‌ನಲ್ಲಿ ವರ್ಗೀಸ್ ಕುರಿಯನ್ ಮತ್ತು ಎಚ್. ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಕಾರ್ಖಾನೆಯೇ ಎದ್ದಿತು. ಮುಂದೆ ಅಮುಲ್ ಎಮ್ಮೆ ಹಾಲಿನಲ್ಲೇ ಚೀಸ್ ಕೂಡ ಮಾಡಿತು. ಕುರಿಯನ್ ಅಮೆರಿಕಕ್ಕೆ ಹೋಗುವ ಮುನ್ನ ತರಬೇತಿಗೆ ಬಂದದ್ದು ಬೆಂಗಳೂರಿಗೆ, 1923ರಲ್ಲಿ ಶುರುವಾಗಿದ್ದ ಇಂಪೀರಿಯಲ್ ಸಂಸ್ಥೆಗೆ. 1927ರಲ್ಲಿ ಗಾಂಧೀಜಿಯೂ ಅಲ್ಲಿ ಹೈನುಗಾರಿಕೆಯ ಪಾಠ ಹೇಳಿಸಿಕೊಂಡಿದ್ದರು. ಅದೇ ಸಂಸ್ಥೆ 1955ರಲ್ಲಿ ಕರ್ನಾಲ್‌ಗೆ ಹೋಗಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಪಿಯುಸಿ ವಿಜ್ಞಾನ ಓದಿದ ಮಕ್ಕಳಿಗೆ ಎಂಜಿನಿಯರಿಂಗ್, ಮೆಡಿಕಲ್ ಬಿಟ್ಟರೆ ದಾರಿಯೇ ಇಲ್ಲವೆಂದು ಕೊರಗುವ ಪಾಲಕರು ಹೈನು ವಿಜ್ಞಾನದತ್ತಲೂ ಕಣ್ಣು ಹಾಯಿಸಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ ಒಂದು ಕಾಲೇಜಿದೆ. ಇನ್ನೊಂದು ಕಲ್ಯಾಣ ಕರ್ನಾಟಕದಲ್ಲೇ, ಕಲಬುರಗಿ ಹತ್ತಿರದ ಮಹಾಗಾಂವದಲ್ಲಿದೆ.

ಇನ್ನು ಅಂಗಡಿಯ ಮಾತು. ಗಂಗಾವತಿಯ ಬೇಕರಿಯ ಸ್ಯಾಂಡ್‌ವಿಚ್ಚಿನಲ್ಲಿ ಕರಗಿ ಕೂತಿರುವುದು ಸಾಮಾನ್ಯವಾಗಿ ಸಂಸ್ಕರಿತ ಚೀಸ್. ನಿಜವಾದ ಚೀಸನ್ನು ಪುಡಿಮಾಡಿ, ಕೆಲವು ಲವಣಗಳೊಂದಿಗೆ ಕಾಯಿಸಿ, ಅಚ್ಚು ಹೊಯ್ದದ್ದು. ಸ್ವಿಟ್ಜರ್ಲೆಂಡಿನಲ್ಲಿ 1911ರಲ್ಲಿ ಕಂಡುಹಿಡಿದ ಈ ಉಪಾಯಕ್ಕೆ ಕಾರಣವೇ ಬಿಸಿ ದೇಶಗಳಲ್ಲಿ ಕೆಡದೆ ಉಳಿಯುವ ಚೀಸ್ ಬೇಕಾಗಿದ್ದುದು. ಅದು ಮೋಸವಲ್ಲ. ಆದರೆ ಉಪ್ಪು ಹೆಚ್ಚು. ದಿನಾ ಡಬ್ಬಿಗೆ ಹಾಕಿ ಕಳಿಸುವ ತಿಂಡಿಯಲ್ಲ. ಎಚ್ಚರ ಬೇಕಾದದ್ದು ಇನ್ನೊಂದರ ಬಗ್ಗೆ. ಹಾಲಿನ ಜಿಡ್ಡು ತೆಗೆದು ತಾಳೆಎಣ್ಣೆ ಸೇರಿಸಿದ ಪದಾರ್ಥ ನೋಡಲು ಚೀಸಿನಂತೆ, ಪನೀರಿನಂತೆಯೇ ಇರುತ್ತದೆ. ಬೆಲೆ ಮಾತ್ರ ಕಡಿಮೆ. ಪೊಟ್ಟಣದ ಮೇಲೆ 'ಅನಲಾಗ್' ಎಂದು ಬರೆಯಲೇಬೇಕೆಂಬುದು ಕಾನೂನು, ಬಿಡಿಯಾಗಿ ತೂಗಿ ಕೊಡುವಾಗ ಬರೆಯುವವರು ಯಾರು? ಅಕ್ಷರ ಚಿಕ್ಕದಾದರೂ ಮಕ್ಕಳ ಕಣ್ಣು ಚುರುಕಾಗಿರುತ್ತದೆ, ಓದುವ ಕೆಲಸ ಅವರಿಗೇ ಒಪ್ಪಿಸಬಹುದು. ಎಮ್ಮೆ ಸಾಕುವ ಮನೆಯವರೇ ತಾಳೆಎಣ್ಣೆಯ ಪನೀರಿಗೆ ದುಡ್ಡು ಕೊಟ್ಟು ಬಂದರೆ ಕೊಟ್ಟಿಗೆಯ ಎಮ್ಮೆ ನಕ್ಕೀತು.

ರಜೆಯಲ್ಲಿ ಮನೆಯಲ್ಲೇ ಮಾಡಿ ನೋಡುವ ಪರೀಕ್ಷೆಯೊಂದಿದೆ. ಒಂದು ಲೀಟರು ಎಮ್ಮೆ ಹಾಲನ್ನು ಚೆನ್ನಾಗಿ ಕುದಿಸಿ ಇಳಿಸಿ. ಹಸಿ ಹಾಲಿನಲ್ಲಿ ಮಾತ್ರ ಯಾವ ಪ್ರಯೋಗವೂ ಬೇಡ, ಅದರಿಂದ ಬ್ರುಸೆಲ್ಲಾ ಜ್ವರ ಬರಬಹುದು. ನಿಂಬೆರಸವನ್ನು ನೀರಿನಲ್ಲಿ ಬೆರೆಸಿ, ಹಾಲು ಒಡೆದು ನೀರು ತಿಳಿಯಾಗುವವರೆಗೆ ಸ್ವಲ್ಪ ಸ್ವಲ್ಪವೇ ಹಾಕಿ. ಬಟ್ಟೆಯಲ್ಲಿ ಸೋಸಿ, ಮೇಲೆ ಭಾರವಿಟ್ಟು ಒಂದು ತಾಸು ಬಿಟ್ಟರೆ ಇನ್ನೂರು ಗ್ರಾಂನಷ್ಟು ಪನೀರು ಕೈಗೆ ಬರುತ್ತದೆ. ಇದರದೊಂದು ಚೂರು, ಪೇಟೆಯಿಂದ ತಂದ ಮೊಝರೆಲ್ಲಾದ ಒಂದು ಚೂರು, ಎರಡನ್ನೂ ಕಾದ ತವೆಯ ಮೇಲಿಡಿ. ಮೊಝರೆಲ್ಲಾ ಕರಗಿ ಹರಡುತ್ತದೆ, ಪನೀರು ಕೆಂಪಗಾಗುತ್ತದೆಯೇ ಹೊರತು ಕರಗುವುದಿಲ್ಲ. ಕುದಿಯುವ ಬಿಸಿಗೂ ಹುಳಿಗೂ ಸಿಕ್ಕ ಕೇಸೀನ್ ಬಿಗಿದು ಕುಳಿತಿರುತ್ತದೆ; ಜೊತೆಗೆ ಅದರ ಕ್ಯಾಲ್ಸಿಯಂ ಬಹಳಷ್ಟು ನೀರಿಗೆ ಇಳಿದುಹೋಗಿರುತ್ತದೆ. ರೆನೆಟ್ಟಿನಿಂದ ಹೆಪ್ಪುಗಟ್ಟಿದ ಮೊಝರೆಲ್ಲಾದಲ್ಲಿ ಆ ಕ್ಯಾಲ್ಸಿಯಂ ಸಾಕಷ್ಟು ಉಳಿದು, ಬಿಸಿಗೆ ಎಳೆ ಎಳೆಯಾಗಿ ಜಾರುತ್ತದೆ. ಸೋಸಿ ಉಳಿದ ಹಾಲೊಡಕಿನಲ್ಲಿ ಒಳ್ಳೆಯ ಪ್ರೋಟೀನು ಇನ್ನೂ ಇದೆ. ಅದನ್ನು ಚೆಲ್ಲದೆ ರಾತ್ರಿಯ ಬೇಳೆ ಸಾರಿಗೆ ಹಾಕಿ. ಆ ದಿನ ಹುಣಸೆಹಣ್ಣು ಕಡಿಮೆ ಸಾಕು.